ಒಂದು ಗುಣವಾಚಕದ ಪಾಠ

ನನ್ನ ಮೊಮ್ಮಗಳು ಯಾವುದೋ ಪ್ರವೇಶಪರೀಕ್ಷೆಗೆ ಓದುತ್ತಿದ್ದಾಳೆ. ಅದಕ್ಕೆ ಇಂಗ್ಲಿಷಿನ ಕಠಿಣಪದಗಳು ರಾಶಿರಾಶಿಯಾಗಿ ಬಾಯಿಗೆ ಬರಬೇಕಂತೆ. ಬಾಯಿಗೆ ಬಂದರೆ ಸಾಕೋ, ಮನಸ್ಸಿಗೂ ಬರಬೇಕೋ ಎಂದು ಕೇಳಿದೆ. "ಬಾಯಿಗೆ ಬಂದರೆ ಸಾಕು ತಾತ" ಎಂದಳು. ನಮ್ಮ ತಂದೆಯವರು ಹುಡುಗರಾಗಿದ್ದಾಗ ಅಮರಕೋಶವನ್ನು ಹೀಗೆಯೇ ಉರು ಹೊಡೆದಿದ್ದರು. ಅರ್ಥ ಆಮೇಲೆ, ಬೇಕಾದಾಗ ಒಂದೊಂದಾಗಿ ಬಂತು, ಕೆಲವಕ್ಕೆ ಬರಲೇ ಇಲ್ಲ ಎಂದು ಹೇಳಿ ನಗುತ್ತಿದ್ದರು.

ಈಗಿನ ಮಕ್ಕಳ ಕ್ರಮ ಅಚ್ಚುಕಟ್ಟು. ಸಣ್ಣ ಸಣ್ಣ ರಟ್ಟಿನ ಚೀಟಿಗಳು. ಒಂದು ಮಗ್ಗುಲಲ್ಲಿ ಪದ, ಇನ್ನೊಂದು ಮಗ್ಗುಲಲ್ಲಿ ಅರ್ಥ. ಮೊನ್ನೆ ಸಂಜೆ ನಾನು ಕಾಫಿ ಕುಡಿಯುತ್ತ ಕುಳಿತಿದ್ದಾಗ ಅಂಥ ಒಂದು ಚೀಟಿಯನ್ನು ನನ್ನ ಮುಂದೆ ಹಿಡಿದಳು. 'ಲೀನಿಯಂಟ್' ಎಂದು ಬರೆದಿತ್ತು. ತಿರುಗಿಸಿದೆ. ಹಿಂದುಗಡೆ ಕನ್ನಡದಲ್ಲಿ ಒಂದೇ ಒಂದು ಮಾತು: 'ಸಡಿಲ'.

"ಸರಿಯಾ ತಾತ?"

"ಸಡಿಲ ಅಂದರೆ ಏನು?"

"ಅದೇ, ರೂಲ್ಸು ಮುರಿದರೂ ಏನೂ ಅನ್ನದೆ ಬಿಟ್ಟುಬಿಡೋರು."

ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ಈಗ ಪಿಂಚಣಿ ಉಣ್ಣುತ್ತಿರುವವನು ನಾನು. ಇಂಥ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡಬೇಕಾದದ್ದು ನ್ಯಾಯ. ಆದರೆ ಆ ಚೀಟಿ ಕೈಯಲ್ಲಿ ಹಾಗೆಯೇ ನಿಂತುಬಿಟ್ಟಿತು. ಸಡಿಲ ಎಂಬುದು ಬೋಲ್ಟಿಗೆ, ಹಗ್ಗಕ್ಕೆ, ದೊಡ್ಡವನ ಅಂಗಿಯನ್ನು ತೊಟ್ಟ ಚಿಕ್ಕವನಿಗೆ ಹೇಳುವ ಮಾತು. ಹಗ್ಗ ಸಡಿಲವಾಗಿದೆ ಎಂದರೆ, ಕಟ್ಟಿದವನು ಬೇಕೆಂದೇ ಬಿಟ್ಟನೋ, ಅವನು ನಿದ್ರೆ ಮಾಡುತ್ತಿದ್ದಾಗ ಅದು ತಾನೇ ಜಾರಿತೋ ತಿಳಿಯುವುದಿಲ್ಲ. ನಿದ್ರೆ ಮಾಡುವವನಿಗೆ ಇಂಗ್ಲಿಷಿನಲ್ಲಿ ಬೇರೆ ಪದವಿದೆ, 'ಲ್ಯಾಕ್ಸ್' ಎಂದು. ಲೀನಿಯಂಟ್ ಆದವನು ಎಚ್ಚರವಾಗಿರುತ್ತಾನೆ. ನಿಯಮ ಗೊತ್ತು, ಅದು ಮುರಿದದ್ದು ಗೊತ್ತು, ಶಿಕ್ಷಿಸುವ ಅಧಿಕಾರವೂ ಕೈಯಲ್ಲಿದೆ. ಇಷ್ಟೂ ಇದ್ದು ಕೈಯನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ.

ಹಾಗಾದರೆ 'ದಯಾಳು' ಎನ್ನೋಣವೆ? ಅದು ಬಹಳ ದೊಡ್ಡ ಮಾತು; ದೇವರಿಗೂ ದೊರೆಗೂ ಒಪ್ಪುತ್ತದೆ, ಪರೀಕ್ಷೆಯ ಕೊಠಡಿಯ ಮೇಲ್ವಿಚಾರಕನಿಗೆ ಒಪ್ಪುವುದಿಲ್ಲ. 'ಉದಾರಿ' ಎಂದರೆ ಹಣ ಬಿಚ್ಚುವವನು. 'ಮೃದು' ಎನ್ನಬಹುದು, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮೃದುದಂಡವೆಂಬ ಮಾತಿದೆ. ತೀಕ್ಷ್ಣವಾಗಿ ದಂಡಿಸುವ ರಾಜನಿಗೆ ಜನ ಹೆದರಿ ತಳಮಳಿಸುತ್ತಾರೆ, ಮೃದುವಾಗಿ ದಂಡಿಸುವವನನ್ನು ಹಗುರವಾಗಿ ಕಾಣುತ್ತಾರೆ, ಯೋಗ್ಯತೆಗೆ ತಕ್ಕಂತೆ ದಂಡಿಸುವವನನ್ನು ಗೌರವಿಸುತ್ತಾರೆ ಎಂಬುದು ಆತನ ಅಭಿಪ್ರಾಯ. ಆದರೆ ಅಲ್ಲಿ ಮೃದು ಎಂಬುದು ಬೈಗುಳಕ್ಕೆ ಹತ್ತಿರವಾದ ಮಾತು. ಇನ್ನು ನಮ್ಮ ಕಚೇರಿಗಳಿಗೆ ಅರಬ್ಬಿಯಿಂದ ಬಂದ ರಿಯಾಯಿತಿ, ಮಾಫಿ, ಮುಲಾಜು ಇವೆ. ಇವುಗಳಲ್ಲಿ ಒಂದೊಂದರಲ್ಲಿಯೂ ಲೀನಿಯಂಟಿನ ಒಂದೊಂದು ಚೂರು ಇದೆ, ಪೂರ್ತಿ ಯಾವುದರಲ್ಲಿಯೂ ಇಲ್ಲ.

ಕೊನೆಗೆ ನನ್ನ ಹಳೆಯ ಚಟದಂತೆ ಪದದ ಹುಟ್ಟಿಗೆ ಹೋದೆ. ಮೊಮ್ಮಗಳು ಆಕಳಿಸಿದಳು; ಆದರೂ ಹೋದೆ. ಲ್ಯಾಟಿನ್ನಿನಲ್ಲಿ 'ಲೇನಿಸ್' ಎಂದರೆ ಮೃದು, ನಯ. ಅದರಿಂದ ಬಂದ ಕ್ರಿಯಾಪದ 'ಲೇನೀರೆ', ಅಂದರೆ ಮೆತ್ತಗೆ ಮಾಡು, ನೋವನ್ನು ತಣಿಸು. ಇಂಗ್ಲಿಷಿಗೆ ಈ ಪದ 17ನೆಯ ಶತಮಾನದಲ್ಲಿ ಬಂದಾಗ ಅದರ ಅರ್ಥ ಉರಿಯನ್ನು ತಗ್ಗಿಸುವುದು, ನೋವನ್ನು ಶಮನಗೊಳಿಸುವುದು ಎಂದಿತ್ತು. ಮನುಷ್ಯರ ಸ್ವಭಾವಕ್ಕೆ, ನ್ಯಾಯಾಧೀಶನಿಗೆ, ಮೇಷ್ಟರಿಗೆ ಅದು ಅಂಟಿಕೊಂಡದ್ದು ಆಮೇಲೆ. ಎಂದರೆ, ಮೂಲದಲ್ಲಿ ಇದು ಕಟಕಟೆಯ ಮಾತಲ್ಲ, ಔಷಧದ ಮಾತು, ಮುಲಾಮಿನ ಗುಣ.

ಮುಲಾಮು ಎಂದ ಮೇಲೆ ಗಾಯ ಎಲ್ಲಿದೆ ಎಂದು ಕೇಳಬೇಕಲ್ಲ. ಈ ಪ್ರಶ್ನೆ ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತದೆಂದು ಆ ಸಂಜೆಯೇ ನನಗೆ ಗೊತ್ತಾಗಿಬಿಟ್ಟಿತು. ಅಲ್ಲಿಗೆ ಹೋಗಲು ಇಷ್ಟವಿಲ್ಲದೆ, ಮೊಮ್ಮಗಳಿಗೆ ಮೊದಲು ಇಂಗ್ಲೆಂಡಿನ ಕಥೆಯೊಂದನ್ನು ಹೇಳಿದೆ.

18ನೆಯ ಶತಮಾನದ ಇಂಗ್ಲೆಂಡಿನಲ್ಲಿ ನೇಣಿಗೆ ಹಾಕಬಹುದಾದ ಅಪರಾಧಗಳ ಪಟ್ಟಿ ಬೆಳೆದು ಬೆಳೆದು, ಮುಂದಿನ ಶತಮಾನದ ಆರಂಭದ ಹೊತ್ತಿಗೆ ಇನ್ನೂರನ್ನು ದಾಟಿತ್ತು. ಅವುಗಳಲ್ಲಿ ಒಂದು 1713ರ ಕಾಯಿದೆ: ವಾಸದ ಮನೆಯೊಳಗಿಂದ 40 ಷಿಲ್ಲಿಂಗು ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸಾಮಾನು ಕದ್ದರೆ ಮರಣದಂಡನೆ. 40 ಷಿಲ್ಲಿಂಗು ಎಂದರೆ 2 ಪೌಂಡು. ಯಜಮಾನನ ಮನೆಯಿಂದ ಬಟ್ಟೆಯನ್ನೋ ಬೆಳ್ಳಿಯ ಚಮಚವನ್ನೋ ಎತ್ತಿಕೊಂಡು ಹೋದ ಕೆಲಸದ ಹುಡುಗಿ ಜ್ಯೂರಿಯ ಮುಂದೆ ನಿಲ್ಲುತ್ತಿದ್ದಳು. ಜ್ಯೂರಿಯವರೇನು ಕಾನೂನು ಪಂಡಿತರಲ್ಲ, ಅಂಗಡಿಯವರು, ಕಸಬುದಾರರು. ಆ ಹುಡುಗಿ ಕದ್ದದ್ದು ನಿಜ. ಸಾಮಾನಿನ ಬೆಲೆ ಏನೆಂದು ಅಂಗಡಿಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಅವರು ತಮ್ಮ ತಮ್ಮಲ್ಲಿ ಪಿಸುಗುಟ್ಟಿ, ಎದ್ದು ನಿಂತು, ಕಳವಿನ ಬೆಲೆ 39 ಷಿಲ್ಲಿಂಗು ಎಂದು ಹೇಳಿಬಿಡುತ್ತಿದ್ದರು. ಹುಡುಗಿಯ ಕೊರಳು ಉಳಿಯುತ್ತಿತ್ತು. ಕಾನೂನಿನ ದೊಡ್ಡ ವ್ಯಾಖ್ಯಾನಕಾರ ಬ್ಲ್ಯಾಕ್‌ಸ್ಟನ್ ಇದನ್ನು ಗಮನಿಸಿ, ಇದೂ ಸುಳ್ಳು ಪ್ರಮಾಣವೇ, ಆದರೆ ಪುಣ್ಯದ ಕಡೆಗಿರುವ ಸುಳ್ಳು ಪ್ರಮಾಣ ಎಂಬ ಅರ್ಥ ಬರುವ ಹಾಗೆ ಅದಕ್ಕೊಂದು ಹೆಸರಿಟ್ಟ. ಮುಂದೆ 1827ರಲ್ಲಿ ಸರಕಾರ ಆ ಮಿತಿಯನ್ನು 40 ಷಿಲ್ಲಿಂಗಿನಿಂದ 5 ಪೌಂಡಿಗೆ ಏರಿಸಿತು. ಜ್ಯೂರಿಯವರೂ ಏರಿದರು: ಕಳವಿನ ಬೆಲೆ ಈಗ 4 ಪೌಂಡು 19 ಷಿಲ್ಲಿಂಗು! ಕಾಯಿದೆ ಮಾಡುವವರಿಗೆ ಕೊನೆಗೆ ಬುದ್ಧಿ ಬಂದು, 1832ರಲ್ಲಿ ಆ ಅಪರಾಧಕ್ಕೆ ನೇಣನ್ನೇ ತೆಗೆದುಹಾಕಿದರು. ಅಷ್ಟರೊಳಗೆ, 1830ರಲ್ಲಿ, ಬ್ಯಾಂಕಿನ ಮಾಲೀಕರೇ ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟಿದ್ದರು: ಖೋಟಾ ಸಹಿ ಮಾಡಿದವರಿಗೆ ನೇಣು ಬೇಡ, ನೇಣೆಂದರೆ ಜ್ಯೂರಿಯವರು ಯಾರನ್ನೂ ತಪ್ಪಿತಸ್ಥರೆಂದು ಹೇಳುವುದೇ ಇಲ್ಲ ಎಂದು.

ಮೊಮ್ಮಗಳಿಗೆ ಈ ಕಥೆ ಹಿಡಿಸಿತು. "ಒಂದು ಷಿಲ್ಲಿಂಗು ಕಮ್ಮಿ!" ಎಂದು ನಕ್ಕಳು. "ಅವರು ಲೀನಿಯಂಟ್."

ಹೌದು, ಅವರು ಲೀನಿಯಂಟ್. ಅವರು ಕೊಟ್ಟದ್ದು ತಮ್ಮದನ್ನು. ದೇವರ ಮೇಲೆ ಆಣೆಯಿಟ್ಟು ಕುಳಿತ ಜನ ಅವರು. ಆಣೆ ಎಂದರೆ ಆ ಕಾಲದ ಭಯಭಕ್ತಿಯ ಮನುಷ್ಯನಿಗೆ ಸಣ್ಣ ಮಾತಾಗಿರಲಿಲ್ಲ. ಒಂದು ಕೊರಳಿಗಾಗಿ ತಮ್ಮ ಆಣೆಯನ್ನು ಕೆಡಿಸಿಕೊಂಡರು. ಸಾಮಾನಿನ ಮಾಲೀಕನಿಗೆ ಅದರಿಂದ ನಷ್ಟವೇನೂ ಇಲ್ಲ. ಹುಡುಗಿ ಸತ್ತರೆ ಚಮಚಕ್ಕೆ ಹೊಳಪು ಹೆಚ್ಚುತ್ತಿತ್ತೆ? ಒಂದು ಸಂದೇಹ ಮಾತ್ರ ನನಗೆ ಹೋಗಿಲ್ಲ. ತನ್ನ ಪರವಾಗಿ ಒಳ್ಳೆಯ ಮಾತು ಹೇಳಲು ಒಬ್ಬ ಯಜಮಾನನನ್ನೋ ನೆರೆಯವನನ್ನೋ ಕರೆತಂದವರಿಗೆ ಆ ನ್ಯಾಯಾಲಯಗಳಲ್ಲಿ ಅನುಕೂಲವಿತ್ತು. ದೂರದ ಊರಿಂದ ಬಂದು, ಹೇಳುವವರು ಕೇಳುವವರು ಇಲ್ಲದೆ ನಿಂತವರಿಗೆ ಆ ಒಂದು ಷಿಲ್ಲಿಂಗು ಎಷ್ಟು ಸಲ ಸಿಕ್ಕಿತೋ.

ಇನ್ನು ನನ್ನ ಕಥೆ. ಇದನ್ನು ಮೊಮ್ಮಗಳಿಗೆ ಅಂದೇ ಹೇಳಿದೆ. ಹೇಳಿದ ಮೇಲೆ ಬರೆಯಲೂಬಹುದು ಅನ್ನಿಸಿತು.

1974ನೆಯ ಇಸವಿ, ಜೂನ್ ತಿಂಗಳು. ನಾನು ಹಳೆಯ ಮೈಸೂರಿನ ಕಡೆಯ ಒಂದು ಊರಿನ ಕಾಲೇಜಿನಲ್ಲಿ ಹೊಸ ಅಧ್ಯಾಪಕ. ಊರಿನ ಹೆಸರು ಬೇಡ. ಬಡಹುಡುಗರಿಗೆಂದು ಅಲ್ಲಿ ಒಂದು ಉಚಿತ ವಿದ್ಯಾರ್ಥಿನಿಲಯವಿತ್ತು. 40 ಜನಕ್ಕೆ ಜಾಗ. ಹೊಸಬನೆಂದು ಅದರ ಉಸ್ತುವಾರಿಯನ್ನು ನನ್ನ ಕೊರಳಿಗೆ ಕಟ್ಟಿದ್ದರು. ಅರ್ಜಿ ಕೊಡಲು 15ನೆಯ ತಾರೀಖು ಸಂಜೆ 5 ಗಂಟೆ ಕಡೆಯ ಗಡುವು. ಆ ಹೊತ್ತಿಗೆ ಬಂದಿದ್ದ ಅರ್ಜಿಗಳು 39. ಒಂದು ಜಾಗ ಉಳಿದಿತ್ತು.

ಮಾರನೆಯ ದಿನ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ನಾನು ನನ್ನ ಕೊಠಡಿಯಲ್ಲಿದ್ದೆ. ಕಿಟಕಿಯ ಆಚೆ ಮೆಟ್ಟಿಲ ಬಳಿ ಒಬ್ಬ ಹೆಂಗಸು, ಜೊತೆಗೆ ಒಬ್ಬ ಹುಡುಗ. ಮಳೆ ಸಣ್ಣಗೆ ಹನಿಯುತ್ತಿತ್ತು. ಕಾಗದಗಳನ್ನು ನೆನೆಯದ ಹಾಗೆ ಸೆರಗಿನೊಳಗೆ ಅವುಚಿಕೊಂಡಿದ್ದಳು. ಜವಾನ ಹೇಳುತ್ತಿದ್ದದ್ದು ನನಗೆ ಕೇಳಿಸಿತು: "ನಿನ್ನೇಗೇ ಮುಗೀತಮ್ಮ. ಇವತ್ತು ತಗೊಳ್ಳಾಕಿಲ್ಲ." ಆಕೆ ಏನೂ ವಾದಿಸಲಿಲ್ಲ. "ಆಯ್ತು ಬುದ್ಧಿ" ಎಂದಳು. ಜವಾನನನ್ನೇ ಬುದ್ಧಿ ಎಂದಳು, ಪಾಪ. ಹುಡುಗ ಒಂದು ಸಲ ಕಟ್ಟಡದ ಮೇಲ್ಗಡೆಯನ್ನು ನೋಡಿದ. ಇಬ್ಬರೂ ಹೊರಟುಹೋದರು. ನಾನು ಏಳಲಿಲ್ಲ. ಏಳಬೇಕೆಂದು ತೋರಿ ಏಳದೆ ಇದ್ದದ್ದಾಗಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ನನಗೆ ತೋರಲೇ ಇಲ್ಲ. ನಿಯಮವಿದೆ, ಅದು ತನ್ನ ಕೆಲಸ ಮಾಡಿತು, ನಾನು ಪಾಠದ ಟಿಪ್ಪಣಿ ಬರೆಯುತ್ತಿದ್ದೆ.

ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬರು ಬಂದರು. ಸಭ್ಯರು. ನಮಗೆ ಬೇಕಾದವರೊಬ್ಬರಿಂದ ಒಂದು ಚೀಟಿಯನ್ನೂ ತಂದಿದ್ದರು. ಅವರ ಸ್ಥಿತಿಯೂ ಕಷ್ಟದ್ದೇ, ಸುಳ್ಳಲ್ಲ. ಹೆಂಡತಿಗೆ ಜ್ವರ, ಅದರಿಂದ ಒಂದು ದಿನ ತಡವಾಯಿತು ಎಂದರು. ಮಾತು ಆಡುತ್ತ ಆಡುತ್ತ ಗಂಟಲು ಕಟ್ಟಿತು, ಅಂಗವಸ್ತ್ರದಿಂದ ಕಣ್ಣೊರಸಿಕೊಂಡರು. ನನ್ನ ತಂದೆಯ ವಯಸ್ಸಿನ ಮನುಷ್ಯ ನನ್ನೆದುರು ಅಳುವುದನ್ನು ನನ್ನಿಂದ ನೋಡಲಾಗಲಿಲ್ಲ. ಅರ್ಜಿ ತೆಗೆದುಕೊಂಡೆ. ಮೇಲೆ 15ನೆಯ ತಾರೀಖು ಹಾಕಿದೆ. ನನ್ನ 39 ಷಿಲ್ಲಿಂಗು!

ಆ ರಾತ್ರಿ ಊಟ ಬಹಳ ರುಚಿಸಿತು. ಹೆಂಡತಿಗೆ ಎಲ್ಲವನ್ನೂ ಹೇಳಿದೆ. "ಒಳ್ಳೆ ಕೆಲಸ ಮಾಡಿದಿರಿ" ಎಂದಳು. ಇಬ್ಬರೂ ಸುಖವಾಗಿ ನಿದ್ರೆ ಮಾಡಿದೆವು.

ಒಂದು ವಾರ ಕಳೆದು, ಬಾಗಿಲು ಹಾಕುವ ಹೊತ್ತಿನಲ್ಲಿ ಜವಾನ ಬೀಗದ ಕೈ ಕೊಡುತ್ತ ನಿಂತ. ದೂರುವವನ ಹಾಗಲ್ಲ, ಸುಮ್ಮನೆ ನೆನಪಾದವನ ಹಾಗೆ ಹೇಳಿದ: "ಅವತ್ತು ಬೆಳಿಗ್ಗೆ ಒಂದು ಹೆಂಗಸು ಬಂದಿತ್ತು ಸಾರ್. ನಾನು ಕಳಿಸಿಬಿಟ್ಟೆ. ಆಮೇಲೆ ತಗೊಂತೀರ ಅಂತ ಗೊತ್ತಿದ್ದರೆ ಕೂರಿಸ್ತಿದ್ದೆ."

ಆತ ಹೋದ ಮೇಲೆ ನಾನು ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತಿದ್ದೆ. ನಾನು ಮಾಡಿದ್ದೇನು? ಒಂದೇ ದಿನ ಎರಡು ಅರ್ಜಿಗಳು ಬಂದವು; ಎರಡೂ ತಡವಾದವು. ಮೊದಲನೆಯದಕ್ಕೆ ನಿಯಮ, ಎರಡನೆಯದಕ್ಕೆ ಕರುಣೆ. ಆ ಹೆಂಗಸು ಏಕೆ ತಡವಾಗಿ ಬಂದಳೆಂದು ನನಗೆ ಇಂದಿಗೂ ಗೊತ್ತಿಲ್ಲ. ಬಸ್ಸು ಕೆಟ್ಟಿತ್ತೋ, ಹಳ್ಳ ಬಂದಿತ್ತೋ, ಅವಳ ಮನೆಯಲ್ಲಿಯೂ ಜ್ವರವಿತ್ತೋ. ಕೇಳಿದವರಿಲ್ಲ. ಹೇಳಬಹುದು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ನಿಯಮವೆಂದರೆ ಮಳೆಯ ಹಾಗೆ, ಅದು ಬಂತೆಂದರೆ ಬಂತು ಎಂದು ತಿಳಿದು ಬೆಳೆದ ಜನ. ನಿಯಮದ ಹಿಂದೆ ಕುರ್ಚಿಯಿದೆ, ಕುರ್ಚಿಯ ಮೇಲೆ ಮನುಷ್ಯನಿದ್ದಾನೆ, ಅವನೆದುರು ಅಳಬಹುದು ಎಂಬ ಜ್ಞಾನವೂ ಒಂದು ವಿದ್ಯೆ; ಅದನ್ನು ಕಲಿತ ಮನೆಗಳು ಬೇರೆ.

ಮುಲಾಮಿನ ಪ್ರಶ್ನೆ ಇಲ್ಲಿಗೆ ಬರುತ್ತದೆ. ಆ ಮಧ್ಯಾಹ್ನ ನೋವು ಯಾರಿಗಿತ್ತು? ಬಂದವರಿಗಿತ್ತು, ನಿಜ. ಆದರೆ ನನ್ನ ಕೈಯನ್ನು ಲೇಖನಿಯ ಕಡೆಗೆ ನೂಕಿದ್ದು ನನ್ನ ನೋವು. ಎದುರಿಗೆ ಅಳುವ ಮುಖವನ್ನು ನೋಡುತ್ತ 'ಇಲ್ಲ' ಎನ್ನಲಾರದ ಸಂಕಟ. ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತಿದೆ: ದಾಕ್ಷಿಣ್ಯ. ಸಂಸ್ಕೃತದಲ್ಲಿ ಇದು ಸೌಜನ್ಯ, ಕುಶಲತೆ ಎಂಬ ಗೌರವದ ಪದ. ಕನ್ನಡಕ್ಕೆ ಬಂದು ಮನೆಮನೆಯ ದೌರ್ಬಲ್ಯವಾಯಿತು. ದಾಕ್ಷಿಣ್ಯದ ವಿಷಯವಾಗಿ ನಮ್ಮ ಹಳ್ಳಿಯವರು ಕಟ್ಟಿರುವ ಗಾದೆಯನ್ನು ಮೊಮ್ಮಗಳ ಮುಂದೆ ಹೇಳುವಂತಿರಲಿಲ್ಲ. ಪತ್ರಿಕೆಯಲ್ಲಿಯೂ ಬೇಡ, ಓದುಗರಿಗೆ ಗೊತ್ತಿದೆ. ನಾನು ಸವರಿದ ಮುಲಾಮು ನನ್ನ ಗಾಯಕ್ಕೆ. ಅದರ ಬೆಲೆ ಕೊಟ್ಟವನು ಮಳೆಯಲ್ಲಿ ಬಸ್‌ ನಿಲ್ದಾಣದ ಕಡೆಗೆ ನಡೆದುಹೋದವನು. ಅತ್ತೆಯ ಸ್ವತ್ತನ್ನು ಅಳಿಯ ದಾನ ಮಾಡಿದ ಎನ್ನುತ್ತಾರಲ್ಲ, ಹಾಗೆ.

ಆ ಎರಡನೆಯ ಅರ್ಜಿಯ ಹುಡುಗ ಚೆನ್ನಾಗಿ ಓದಿದ. ಎಂಜಿನಿಯರಾದ. ಕೃತಜ್ಞತೆಯ ಸ್ವಭಾವ, ಯುಗಾದಿಯ ದಿನ ಈಗಲೂ ದೂರವಾಣಿ ಮಾಡುತ್ತಾನೆ. "ಅವತ್ತು ನೀವು ಕೈ ಹಿಡಿಯದೆ ಇದ್ದಿದ್ದರೆ ನಾನು ಎಲ್ಲಿರುತ್ತಿದ್ದೆನೋ ಸಾರ್" ಎನ್ನುತ್ತಾನೆ. ಬೇವುಬೆಲ್ಲದ ದಿನ ಅಂಥ ಮಾತು ಕೇಳಿ ಏನು ಹೇಳಬೇಕು? "ನಿನ್ನ ಶ್ರಮ ಕಣಯ್ಯ" ಎನ್ನುತ್ತೇನೆ. ಅವನಿಗೆ ನಿಜವನ್ನು ಹೇಳಿ ಅವನ ಹಬ್ಬ ಕೆಡಿಸುವ ಹಕ್ಕು ನನಗಿಲ್ಲ. ಅವನು ತಪ್ಪು ಮಾಡಿದವನಲ್ಲ. ಅವನ ತಂದೆಯೂ ಅಲ್ಲ. ಮಗನಿಗಾಗಿ ಅತ್ತರು, ಅಷ್ಟೆ.

ಅಂದ ಮಾತ್ರಕ್ಕೆ ಲೀನಿಯಂಟ್ ಆಗುವುದೇ ತಪ್ಪು, ನಿಯಮವನ್ನು ಕಲ್ಲಿನಲ್ಲಿ ಕೆತ್ತಬೇಕು ಎಂದು ನಾನು ಹೇಳಲಾರೆ. ಅಂಥವರನ್ನೂ ಕಂಡಿದ್ದೇನೆ. ಆ ಮೆಟ್ಟಿಲ ಮೇಲೆ ನಿಂತು ನನಗೆ ಮೊದಲು ಬಂದ ಯೋಚನೆ, ಆ ತಂದೆಯನ್ನೂ ಹಿಂದಕ್ಕೆ ಕಳುಹಿಸಬೇಕಾಗಿತ್ತು ಎಂಬುದು. ಹಾಗೆ ಮಾಡಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಜಾಗವೊಂದು ಖಾಲಿ ಬಿದ್ದಿರುತ್ತಿತ್ತು, ಇಬ್ಬರು ಹುಡುಗರು ಓದು ಬಿಡುತ್ತಿದ್ದರು, ನನ್ನ ಮನಸ್ಸು ಮಾತ್ರ ಶುಚಿಯಾಗಿರುತ್ತಿತ್ತು. ಇದೆಂಥ ನ್ಯಾಯ? ಎರಡನೆಯ ಯೋಚನೆ ಬರಲು ತಡವಾಯಿತು: ಎರಡನೆಯವನನ್ನು ಕಂಡು ಕರಗಿದ ಕೂಡಲೇ ಮೊದಲನೆಯವನನ್ನು ನೆನೆಯಬೇಕಾಗಿತ್ತು. ಜವಾನನನ್ನು ಬಸ್‌ ನಿಲ್ದಾಣಕ್ಕೆ ಓಡಿಸಬಹುದಾಗಿತ್ತು. ಅಂದಿನ ಕಾಲದಲ್ಲಿ ಹಳ್ಳಿಯ ಬಸ್ಸು ದಿನಕ್ಕೆ ಎರಡೇ; ಅವರು ಸಂಜೆಯವರೆಗೆ ಅಲ್ಲಿಯೇ ಕುಳಿತಿದ್ದರೋ ಏನೋ. ಇಬ್ಬರ ಅರ್ಜಿಯನ್ನೂ ಮೇಜಿನ ಮೇಲಿಟ್ಟು, ಒಂದು ಜಾಗಕ್ಕೆ ಯಾರು ಹೆಚ್ಚು ಅರ್ಹರೆಂದು ನೋಡಬಹುದಾಗಿತ್ತು. ಇಲ್ಲವೇ 41ನೆಯ ಚಾಪೆ ಹಾಸಲು ಪ್ರಿನ್ಸಿಪಾಲರ ಹತ್ತಿರ ಹೋಗಿ ಬೈಸಿಕೊಳ್ಳಬಹುದಾಗಿತ್ತು. ಬೈಸಿಕೊಂಡಿದ್ದರೆ ಅದು ನನ್ನ ಖರ್ಚಾಗುತ್ತಿತ್ತು.

ಖರ್ಚು ಎಂದಾಗ ನಮ್ಮ ತಾಯಿ ನೆನಪಾಗುತ್ತಾರೆ. ದೀಪ ಹಚ್ಚಿದ ಮೇಲೆ ಮನೆಗೆ ಬಂದ ಹುಡುಗನಿಗೆ ಊಟವಿಲ್ಲ ಎಂಬುದು ತಂದೆಯವರ ಕಟ್ಟಳೆ. ನನ್ನ ತಮ್ಮ ವಾರಕ್ಕೆ ಎರಡು ಸಲವಾದರೂ ಆಟದಲ್ಲಿ ಮೈಮರೆತು ಕತ್ತಲಾದ ಮೇಲೆ ಬರುತ್ತಿದ್ದ. ಅಮ್ಮ ಅವನನ್ನು ಹಿತ್ತಲ ಬಾಗಿಲಿನಿಂದ ಕರೆದು ಮೊಸರನ್ನ ಕಲಸಿ ಕೊಡುತ್ತಿದ್ದರು. ಬಹಳ ವರ್ಷಗಳ ಮೇಲೆ ಒಮ್ಮೆ ಅಕ್ಕ ಹೇಳಿದಳು, ಅಂಥ ರಾತ್ರಿ ಅಮ್ಮ ಊಟಕ್ಕೆ ಕೂರುತ್ತಿರಲಿಲ್ಲವೆಂದು. ಹಸಿವಿಲ್ಲ ಎನ್ನುತ್ತಿದ್ದರಂತೆ. ನಮ್ಮ ಪಾಲಿಗೆ ಎಂದೂ ಒಂದು ತುತ್ತು ಕಡಿಮೆಯಾಗಿರಲಿಲ್ಲ. ಅಮ್ಮನಿಗೆ ಇಂಗ್ಲಿಷಿನ ಅಕ್ಷರವೂ ಬರುತ್ತಿರಲಿಲ್ಲ.

ದೊಡ್ಡ ಕುರ್ಚಿಗಳ ರಿಯಾಯಿತಿ ಇನ್ನೊಂದು ಬಗೆಯದು. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ, ವಾಹನ ಸವಾರರು ಬಾಕಿ ಉಳಿಸಿಕೊಂಡಿದ್ದ ಸಂಚಾರ ದಂಡದಲ್ಲಿ ಶೇಕಡಾ 50ನ್ನು ಬಿಟ್ಟುಕೊಟ್ಟಿತು. ಕೆಲವು ದಿನಗಳ ಗಡುವು. ಬೆಂಗಳೂರಿನಲ್ಲಿ ಜನ ಸಾಲುಗಟ್ಟಿ ಬಂದು ಕಟ್ಟಿದರು. ಬೊಕ್ಕಸಕ್ಕೆ ಹಣ ಬಂತು, ಸವಾರರಿಗೆ ಹಣ ಉಳಿಯಿತು, ಎಲ್ಲರಿಗೂ ಸಂತೋಷ. ಆಮೇಲೂ ಇಂಥ ರಿಯಾಯಿತಿಗಳು ಬಂದವು. ಕೆಂಪು ದೀಪ ದಾಟಿದ ಮಾರನೆಯ ದಿನವೇ ನಾಚಿಕೊಂಡು ಪೂರ್ತಿ ದಂಡ ಕಟ್ಟಿ ಬಂದವರನ್ನು ಯಾರೂ ನೆನೆಯಲಿಲ್ಲ. ಅವರು ಅರ್ಧ ಹಣ ವಾಪಸು ಕೊಡಿ ಎಂದು ಕೇಳುವ ಜಾತಿಯವರೂ ಅಲ್ಲ. ಮುಂದಿನ ಸಲ ಅವರೂ ಕಾಯುತ್ತಾರೆ, ಅಷ್ಟೆ. ಇದು ಹಗ್ಗ ಸಡಿಲವಾದ ಬಗೆ. ಇಲ್ಲಿ ಮೊಮ್ಮಗಳ ಅನುವಾದವೇ ಸರಿ.

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯ ವಿಷಯದಲ್ಲಿ ಮಾತ್ರ ನನಗೆ ಅಷ್ಟು ಸುಲಭವಾಗಿ ತೀರ್ಪು ಹೇಳಲಾಗಿಲ್ಲ. ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾ ಇಟ್ಟು ನಕಲನ್ನು ತಡೆದರು. ಫಲಿತಾಂಶ ಕುಸಿಯುವುದು ಕಂಡಿತು. ಆಗ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದರು. ಏರಿಸಿದ ಮೇಲೂ ಉತ್ತೀರ್ಣರಾದವರು ಶೇಕಡಾ 73ರಷ್ಟು. ಆಮೇಲೆ ಬಹಳ ಟೀಕೆ ಬಂದು, ಹೆಚ್ಚಿಸಿದ ಕೃಪಾಂಕವನ್ನು ಮುಂದಿನ ವರ್ಷ ಕೈಬಿಟ್ಟರು. ಕೃಪೆಯನ್ನು ಅಂಕಗಳಲ್ಲಿ ಎಣಿಸಿ ಕೊಡುವ ಈ ಪದ, ಕೃಪಾಂಕ, ಎಷ್ಟು ವಿಚಿತ್ರವಾದದ್ದು! ಟೀಕಿಸಿದವರ ಜೊತೆ ನಾನೂ ತಲೆಯಾಡಿಸಿದವನೇ. ಆದರೆ 1974ರ ಜೂನ್ 16ನ್ನು ಕಂಡವನಾದ್ದರಿಂದ ಒಂದು ಮಾತು ಗಂಟಲಲ್ಲಿ ನಿಲ್ಲುತ್ತದೆ. ಆ ಕೃಪೆಯನ್ನು ಯಾರೂ ಬಂದು ಅತ್ತು ಪಡೆಯಬೇಕಾಗಿರಲಿಲ್ಲ. ಚೀಟಿ ತರಬೇಕಾಗಿರಲಿಲ್ಲ. 'ಆಯ್ತು ಬುದ್ಧಿ' ಎಂದು ಹಿಂದಿರುಗುವ ತಾಯಿಯ ಮಗನಿಗೂ ಅದು ಅವನು ಕೇಳದೆಯೇ ಮುಟ್ಟಿತು. ಮುಟ್ಟಿದ್ದು ವಿದ್ಯೆಯಲ್ಲ, ಬರಿಯ ಅಂಕ. ಗಣಿತ ಬಾರದ ಹುಡುಗ ಅಂಕ ಹಿಡಿದು ಮುಂದಿನ ತರಗತಿಯಲ್ಲಿ ಕುಳಿತು ಏನು ಮಾಡುತ್ತಾನೆ ಎಂಬುದು ನಿಜವಾದ ಪ್ರಶ್ನೆ. ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚಿದ ಕೃಪೆಗೆ ಯಾರ ಮುಖವೂ ಕಾಣುವುದಿಲ್ಲ. ಮೋಸವೂ ಇಲ್ಲ, ಯಾರಿಗೆ ಏನು ಬೇಕಿತ್ತೆಂಬ ವಿಚಾರಣೆಯೂ ಇಲ್ಲ.

ಗ್ರೀಸಿನ ಲೆಸ್ಬೋಸ್ ದ್ವೀಪದ ಕಟ್ಟಡದವರು ಸೀಸದ ಅಳತೆಗೋಲನ್ನು ಬಳಸುತ್ತಿದ್ದರೆಂದು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಐದನೆಯ ಪುಸ್ತಕದಲ್ಲಿ ಹೇಳುತ್ತಾನೆ. ಮರದ ಕೋಲು ಬಾಗುವುದಿಲ್ಲ. ಸೀಸದ್ದು ಕಲ್ಲಿನ ಉಬ್ಬುತಗ್ಗಿಗೆ ತಕ್ಕ ಹಾಗೆ ಬಾಗುತ್ತದೆ. ಕಾನೂನು ಎಲ್ಲರಿಗಾಗಿ ಒಟ್ಟಿಗೆ ಬರೆದದ್ದಾದ್ದರಿಂದ ಒಬ್ಬೊಬ್ಬರಿಗೆ ಅನ್ವಯಿಸುವಾಗ ಅಲ್ಲಲ್ಲಿ ಸಾಲದೆ ಬರುತ್ತದೆ, ಅಲ್ಲಿ ಹೀಗೆ ಬಾಗುವ ವಿವೇಕ ಬೇಕು ಎಂಬುದು ಆತನ ವಾದ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೇನೆ, ಹುಡುಗರು ಬರೆದುಕೊಂಡಿದ್ದಾರೆ. ಬರೆದುಕೊಳ್ಳದೆ ಹೋದದ್ದು ಹೇಳಿದವನು. ಆ ಕಟ್ಟಡದವನು ಕೋಲನ್ನು ಬಾಗಿಸಿದ್ದು ಕಲ್ಲನ್ನು ಕೈಯಿಂದ ತಡವಿ ನೋಡಿದ ಮೇಲೆ. ಯಾವ ಕಲ್ಲೂ ಅವನಿಗೆ ಶಿಫಾರಸು ಪತ್ರ ತಂದಿರಲಿಲ್ಲ. ಜೊತೆಗೆ ಅವನ ಮುಂದೆ ಗೋಡೆಯ ಅಷ್ಟೂ ಕಲ್ಲುಗಳಿದ್ದವು. ನನ್ನ ಮುಂದೆ ಒಂದೇ ಇತ್ತು. ಇನ್ನೊಂದು ಕಿಟಕಿಯ ಆಚೆ ಇತ್ತು.

ಇಷ್ಟು ಹೇಳುವ ಹೊತ್ತಿಗೆ ಕಾಫಿ ತಣ್ಣಗಾಗಿತ್ತು. ಮೊಮ್ಮಗಳು ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು 'ಸಡಿಲ' ಎಂಬುದನ್ನು ಹೊಡೆದುಹಾಕಿದಳು. ಅದರ ಕೆಳಗೆ ಏನು ಬರೆಯುವುದೆಂದು ಪೆನ್ಸಿಲನ್ನು ಕಚ್ಚುತ್ತ ಕುಳಿತಳು. ನಾನೂ ಯೋಚಿಸಿದೆ. ಹೊಳೆಯಲಿಲ್ಲ.

"ತಾತ, ಆ ಹುಡುಗನ ಹೆಸರೇನು?"

"ಎಂಜಿನಿಯರದ್ದೆ?"

"ಅಲ್ಲ. ಇನ್ನೊಬ್ಬ."

"ಗೊತ್ತಿಲ್ಲ ಮಗು. ಅರ್ಜಿ ತೆಗೆದುಕೊಂಡಿದ್ದರಲ್ಲವೆ ಹೆಸರು ತಿಳಿಯುವುದು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಚೀಟಿಯನ್ನು ಅರ್ಥವಿಲ್ಲದೆಯೇ ಕಟ್ಟಿನ ಅಡಿಗೆ ಸೇರಿಸಿ ಮುಂದಿನದನ್ನು ತೆಗೆದಳು.